ಮುಚ್ಚಿಟ್ಟ ಪುಸ್ತಕ

ರಸಾಯನಶಾಸ್ತ್ರದಲ್ಲಿ ನನ್ನ ಮಗಳು ಎರಡು ಸಲ ಫೇಲಾಗಿದ್ದಳು. ಮೂರನೇ ಸಲವೂ ಹಾಗೇ ಆದರೆ ಹೆಸರು ತೆಗೆದುಹಾಕುತ್ತೇವೆ ಎಂದು ಪ್ರಿನ್ಸಿಪಾಲರು ನನ್ನನ್ನೇ ಕರೆಸಿ ಹೇಳಿದ್ದರು. ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು.

ನಾನು ಬಟ್ಟೆ ಹೊಲಿಯುವವಳು. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಅಲ್ಲಿ ಓದುವುದೆಂದರೆ ಪುಸ್ತಕ ಬಿಚ್ಚಿಟ್ಟುಕೊಂಡು ಬೀದಿಗೆಲ್ಲ ಕೇಳುವಂತೆ ಓದುವುದು. ಇವಳದು ಬೇರೆಯೇ ಆಟ. ಹತ್ತು ನಿಮಿಷ ಪುಸ್ತಕ ನೋಡುತ್ತಾಳೆ, ಪಟ್ಟನೆ ಮುಚ್ಚುತ್ತಾಳೆ, ಗೋಡೆಯ ಕಡೆ ತಿರುಗಿ ಗೊಣಗುತ್ತಾಳೆ. ಆಮೇಲೆ ಎದ್ದು ಹೊರಗೆ ಒಂದು ಸುತ್ತು.

ಪಕ್ಕದ ಇಸ್ತ್ರಿ ಅಂಗಡಿಯವನು ಬೇರೆ ಬಂದು ಹುಳ ಬಿಟ್ಟ.

"ಅಕ್ಕ, ನಿಮ್ಮ ಹುಡುಗಿ ಒಬ್ಬಳೇ ಮಾತಾಡ್ಕೊಂಡು ಓಡಾಡ್ತಾಳೆ. ಕಿವೀಲಿ ಫೋನ್ ಏನಾದ್ರೂ ಸಿಕ್ಕಿಸ್ಕೊಂಡಿದಾಳಾ, ನೋಡಿ."

"ನಿನ್ನ ಇಸ್ತ್ರಿ ಸುಡದ ಹಾಗೆ ನೋಡ್ಕೋ ಹೋಗಯ್ಯ," ಎಂದು ಬೈದು ಕಳಿಸಿದೆ. ಆದರೆ ಹುಳ ಒಳಗೇ ಉಳಿಯಿತು.

ಮರುದಿನ ಅವಳು ಕಾಲೇಜಿಗೆ ಹೋದ ಮೇಲೆ ಆ ಪುಸ್ತಕ ತೆಗೆದೆ. ಅವಳು ಓದುತ್ತಿದ್ದ ಪುಟದ ಗುರುತು ಇತ್ತು. ಅಲ್ಲಿಂದ ಎರಡು ಹಾಳೆ ಮುಂದೆ ಒಂದೆಳೆ ಬಿಳಿ ದಾರ ಇಟ್ಟೆ. ಓದಿ ಮುಂದೆ ಹೋದರೆ ದಾರ ಬೀಳಲೇಬೇಕು. ಮೂರು ದಿನ ನೋಡಿದೆ. ದಾರ ಇಟ್ಟಲ್ಲೇ ಇತ್ತು.

ನಾಲ್ಕನೇ ದಿನ ಮಧ್ಯಾಹ್ನ ಅವಳು ಚಪ್ಪಲಿ ಬಿಡುವಷ್ಟರಲ್ಲೇ ಪುಸ್ತಕವನ್ನು ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕುಕ್ಕಿದೆ.

"ಮೂರು ದಿನಕ್ಕೆ ಎರಡು ಹಾಳೆ ದಾಟಿಲ್ಲ. ಯಾರ ಕಿವಿ ಮೇಲೆ ಹೂ ಇಡ್ತಿದ್ದೀಯಾ?"

ಅವಳು ದಾರವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. "ಅಮ್ಮ, ಪೊಲೀಸರಿಗೂ ಇಷ್ಟು ಅನುಮಾನ ಇರಲ್ಲ."

"ಮಾತು ತಿರುಗಿಸ್ಬೇಡ. ಯಾರ ಜೊತೆ ಮಾತಾಡ್ತೀಯ ಹೊರಗೆ?"

"ನನ್ನ ಜೊತೆ. ಎರಡು ಸಲ ನೀನು ಹೇಳಿದ ಹಾಗೇ ಓದಿದೆನಲ್ಲ? ಬೆಳಗಿಂದ ಸಂಜೆ ತನಕ ಪುಸ್ತಕ ಬಿಚ್ಕೊಂಡು? ಅದು ಎದುರಿಗಿದ್ದಾಗ ಎಲ್ಲಾ ಬರ್ತಿತ್ತು. ಪರೀಕ್ಷೇಲಿ ಕೂತ್ರೆ ತಲೆ ಖಾಲಿ."

"ಅದಕ್ಕೆ ಈಗ ಓದೋದೇ ಬಿಟ್ಯಾ?"

"ಈಗ ನೀನು ಕಾಲರ್ ಕಲಿಸೋ ಹಾಗೆ ಓದ್ತಿದೀನಿ."

ಹೊಲಿಗೆ ಕಲಿಯಲು ಬರುವ ಹೆಂಗಸರಿಗೆ ನಾನು ಮಾದರಿ ಕಾಲರನ್ನು ಒಂದು ಸಲ ತೋರಿಸುತ್ತೇನೆ, ಬಿಚ್ಚಿ ಹೊಲಿದು ತೋರಿಸುತ್ತೇನೆ. ಆಮೇಲೆ ಅದನ್ನು ಡ್ರಾಯರಿಗೆ ಹಾಕಿ ಬೀಗ. 'ಈಗ ನೀವೇ ಕತ್ತರಿಸಿ' ಎನ್ನುತ್ತೇನೆ. ಅತ್ತವರಿದ್ದಾರೆ, ಬೈದುಕೊಂಡು ಹೋದವರಿದ್ದಾರೆ. ಮಾದರಿ ಎದುರಿಗಿದ್ದರೆ ಕಣ್ಣಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ಇಪ್ಪತ್ತು ವರ್ಷದಿಂದ ಇದನ್ನೇ ಅರಚುತ್ತಿದ್ದೇನೆ. ಇವಳು ಆ ಮೇಜಿನ ಕೆಳಗೇ ಆಡಿ ಬೆಳೆದವಳು.

"ಪುಸ್ತಕ ಮುಚ್ಚಿ ತಪ್ಪಿಲ್ಲದೆ ಬರೆಯೋಕೆ ಬರೋ ತನಕ ಮುಂದಿನ ಹಾಳೆ ಮುಟ್ಟಲ್ಲ," ಎಂದಳು. "ಇದು ಕಷ್ಟದ ಪಾಠ."

"ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ." ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಟ್ಟೆ ಗುರುತು ಮಾಡುವ ಸೀಮೆಸುಣ್ಣ ಅವಳ ಮುಂದೆ ಎಸೆದೆ. "ಬರಿ."

ಮೇಜಿನ ಮೇಲೆ ಆರು ಮೂಲೆಯ ಚಿತ್ರ ಎಳೆದಳು, ಅದಕ್ಕೆ ಒಂದು ಕೊಂಬೆ, ಸುತ್ತ ಅಕ್ಷರಗಳು. ನನಗೆ ಅದರ ತಲೆಬುಡ ತಿಳಿಯದು. ಆದರೆ ಮಾದರಿ ಮತ್ತು ಕತ್ತರಿಸಿದ್ದನ್ನು ಹೋಲಿಸುವುದೇ ನನ್ನ ಕಸುಬು.

"ಇಲ್ಲಿ ನೋಡು. ಪುಸ್ತಕದಲ್ಲಿ ಜೋಡಿ ಗೆರೆ. ನೀನು ಒಂದೇ ಎಳೆದಿದೀಯ."

ಅವಳು ಬಗ್ಗಿ ನೋಡಿದಳು. ಮುಖ ಸಪ್ಪಗಾಯಿತು. "ಇದನ್ನ ಸರಿ ಅಂತ್ಲೇ ಅಂದ್ಕೊಂಡಿದ್ದೆ."

"ಅಳಿಸು. ಮತ್ತೆ ಬರಿ."

ಅಂದಿನಿಂದ ಪುಸ್ತಕ ನನ್ನ ಡ್ರಾಯರಿನಲ್ಲಿ. ಅವಳು ಕೇಳಿದಾಗ ಕೊಡುತ್ತಿದ್ದೆ, ನೋಡಿ ಮುಗಿದ ಕೂಡಲೇ ಕಿತ್ತುಕೊಳ್ಳುತ್ತಿದ್ದೆ. ನಂಬಿಕೆಯೇನೂ ಪೂರ್ತಿ ಬಂದಿರಲಿಲ್ಲ. ಬಟ್ಟೆ ಒಣಹಾಕುವಾಗ ಇದ್ದಕ್ಕಿದ್ದಂತೆ ನಾಲ್ಕು ದಿನದ ಹಿಂದಿನ ಚಿತ್ರ ಕೇಳುತ್ತಿದ್ದೆ. ಹಲ್ಲು ಕಡಿದುಕೊಂಡು ಬಂದು ಬರೆಯುತ್ತಿದ್ದಳು. ಮರೆತಿದ್ದರೆ ಮರುದಿನವೂ ಅದನ್ನೇ ಕೇಳುತ್ತಿದ್ದೆ.

ಪರೀಕ್ಷೆ ಮುಗಿಸಿ ಬಂದಳು.

"ಹೇಗಾಯ್ತು?"

"ಚೆನ್ನಾಗಾಯ್ತಮ್ಮ."

ಹಿಂದಿನ ಎರಡು ಸಲವೂ ಇದೇ ಮಾತು ಹೇಳಿದ್ದಳು. ಪ್ರಶ್ನೆಪತ್ರಿಕೆ ಇಸಿದುಕೊಂಡು ಸೀಮೆಸುಣ್ಣ ಕೊಟ್ಟೆ. "ಅಲ್ಲಿ ಏನು ಬರೆದ್ಯೋ ಅದನ್ನೇ ಇಲ್ಲಿ ಬರಿ."

ನಿಂತಲ್ಲೇ ಬರೆದಳು, ಒಂದಾದ ಮೇಲೊಂದು, ಮೇಜು ತುಂಬುವಷ್ಟು. ನಾನು ಡ್ರಾಯರಿನ ಬೀಗ ತೆಗೆದು ಪುಸ್ತಕ ಬಿಚ್ಚಿ ಬೆರಳಿಟ್ಟು ಹೋಲಿಸುತ್ತ ಬಂದೆ. ಕೊನೆಗೆ ಆ ಆರು ಮೂಲೆಯದು. ಜೋಡಿ ಗೆರೆ ಇರಬೇಕಾದ ಜಾಗದಲ್ಲೇ ಇತ್ತು.

"ಫಲಿತಾಂಶ ಬರೋ ತನಕ ಇದನ್ನ ಅಳಿಸ್ಬೇಡ," ಎಂದೆ. ಆ ದಿನದ ಬಟ್ಟೆಗಳನ್ನು ನೆಲದ ಮೇಲೆ ಹಾಸಿಕೊಂಡು ಕತ್ತರಿಸಿದೆ.