ಹುಣಸೆಹಣ್ಣಿನಲ್ಲಿ ತಿಕ್ಕಿದ ಹಂಡೆ

ಬ್ಯಾಡಗಿಯ ಭಾಗೀರಥೀಬಾಯಿ ಮೈಲಿಬೇನೆಯಿಂದ ತೀರಿಕೊಂಡಾಗ ಅಳುವುದಕ್ಕೂ ಮನೆಯಲ್ಲಿ ಜನವಿರಲಿಲ್ಲ. ಮಕ್ಕಳಿಲ್ಲದ ವಿಧವೆ. ಹಾವೇರಿಯಿಂದ ಅವರ ತಂಗಿಯ ಮಗ, ಮಾಸ್ತರ ಅಣ್ಣಾಜಿ ಬಂದು, ಹದಿಮೂರು ದಿನ ಅಲ್ಲೇ ಇದ್ದು ಕರ್ಮ ಮುಗಿಸಿದ. ಹಾಸಿಗೆ, ಸೀರೆ, ಕೌದಿ ಎಲ್ಲವನ್ನೂ ಹಿತ್ತಲಲ್ಲಿ ರಾಶಿ ಹಾಕಿ ಸುಟ್ಟ. ಉಳಿದದ್ದು ಎರಡೇ: ನೀರು ಕಾಯಿಸುವ ತಾಮ್ರದ ಹಂಡೆ, ಮತ್ತು ಮಡಿಯಲ್ಲಿ ಉಡುವ ಉಣ್ಣೆಯ ಧಾಬಳಿ. ಎರಡನ್ನೂ ಹೊತ್ತು ಬೆಳಗಿನ ಗಾಡಿಗೆ ಹಾವೇರಿಗೆ ಬಂದ. ಅದು ಮೂವತ್ತೆಂಟನೆಯ ಇಸವಿಯ ಡಿಸೆಂಬರ.

ಅಚ್ಚಾದದ್ದನ್ನೆಲ್ಲ ನಂಬುವುದು ಅಣ್ಣಾಜಿಯ ದೌರ್ಬಲ್ಯ. ಅತ್ತೆ ಹೇಳಿದ್ದನ್ನೆಲ್ಲ ನಂಬುವುದು ಅವನ ತಾಯಿ ವೆಂಕೂಬಾಯಿಯ ದೌರ್ಬಲ್ಯ. ಹೀಗಾಗಿ ಆ ಮನೆಯಲ್ಲಿ ಒಮ್ಮತ ಅಪರೂಪ. ತಾಮ್ರದ ವಿಷಯದಲ್ಲಿ ಮಾತ್ರ ಅದು ಸಾಧ್ಯವಾಯಿತು.

"ಹಂಡೆ ಅಂಗಳದಾಗ ಇಡು. ಒಳಗ ತರಬ್ಯಾಡ," ಎಂದರು ವೆಂಕೂಬಾಯಿ.

"ತಾಮ್ರದ ಮ್ಯಾಲೆ ರೋಗದ ಕ್ರಿಮಿ ನಾಲ್ಕು ತಾಸೂ ಬದುಕೂದಿಲ್ಲವ್ವಾ. ಮಾಸಪತ್ರಿಕಿಯೊಳಗ ಬಂದದ."

"ನಿಮ್ಮ ಪತ್ರಿಕಿಯವರಿಗೆ ಈಗ ತಿಳೀತೇನು? ನಮ್ಮತ್ತಿಗೆ ಆವಾಗss ತಿಳಿದಿತ್ತು. ಆಕಿ ತಾಸು ಎಣಿಸಲಿಲ್ಲ, ಹುಣಸಿಹಣ್ಣು ಹಚ್ಚಿ ತಿಕ್ಕಿದಳು."

ಮೂರು ದಿನ ತಿಕ್ಕಿದರು. ಹುಣಸೆಹಣ್ಣು, ಉಪ್ಪು, ಬೂದಿ, ಆಮೇಲೆ ಬಿಸಿಲು. ಹಂಡೆ ಹೊಸ ಮದುಮಗಳ ಹಾಗೆ ಹೊಳೆಯಿತು. ಧಾಬಳಿಯನ್ನು ಯಾರೂ ಮುಟ್ಟಲಿಲ್ಲ. ಮಡಿಬಟ್ಟೆಯ ರೂಢಿಯಂತೆ ಕೋಲಿನಿಂದ ಎತ್ತಿ ಒಳಗಿನ ಗಳಕ್ಕೆ ಹಾಕಿದರು. ಉಣ್ಣೆಗೆ ಮೈಲಿಗೆ ಇಲ್ಲ. ಅದನ್ನು ಒಗೆಯಬೇಕೆಂದರೆ ಗಂಗೆಗೆ ಸ್ನಾನ ಮಾಡಿಸಬೇಕೆಂದ ಹಾಗೆ.

ನಾಲ್ಕನೆಯ ದಿನ ಇಸ್ಮಾಯಿಲಸಾಬ ಬಂದ. ರಾಣೆಬೆನ್ನೂರಿನಿಂದ ಹಾವೇರಿಯವರೆಗೆ ಊರೂರು ತಿರುಗಿ, ಮೈಲಿಬೇನೆ ಬಾರದ ಹಾಗೆ ತೋಳಿಗೆ ಚುಚ್ಚಿ ದಾಕು ಹಾಕುವುದು ಅವನ ಕೆಲಸ. ಅವನು ಬರುವುದನ್ನು ಕಂಡರೆ ಓಣಿಯ ಹುಡುಗರು ಅಟ್ಟ ಹತ್ತುತ್ತಿದ್ದರು. ಈ ಮನೆಯಲ್ಲಿ ದಾಕು ಆಗದೆ ಉಳಿದವಳು ಒಬ್ಬಳೇ: ಅಣ್ಣಾಜಿಯ ಮಗಳು ಸುಲಭಾ, ನಾಲ್ಕು ವರ್ಷದವಳು, ಹುಟ್ಟುವಾಗಲೇ ತಾಯಿಯನ್ನು ಕಳೆದುಕೊಂಡವಳು. ಅಣ್ಣಾಜಿಗೆ ಚಿಕ್ಕಂದಿನಲ್ಲೇ ದಾಕು ಆಗಿತ್ತು. ವೆಂಕೂಬಾಯಿಗೆ ಬೇನೆಯೇ ಬಂದು ಹೋಗಿ ಮುಖದ ಮೇಲೆ ರುಜು ಹಾಕಿತ್ತು.

"ತಾಮ್ರದ ಮ್ಯಾಲೆ ಇದು ಎಷ್ಟೊತ್ತು ಇರ್ತದ ಸಾಹೇಬರ?" ಅಣ್ಣಾಜಿ ಕೇಳಿದ, ಉತ್ತರ ತನಗೆ ಗೊತ್ತಿದ್ದುದರಿಂದ.

"ಹಂಡೇದ್ದು ನನಗೇನು ಗೊತ್ರಿ ಮಾಸ್ತರ್ರ. ಮೂರು ದಿನಾ ತಿಕ್ಕೀರಂತ, ಏನರ ಇದ್ರೂ ಬ್ಯಾಸರಾಗಿ ಓಡಿಹೋಗಿರತೈತಿ. ಅರಿವಿ ಸುದ್ದಿ ಹೇಳ್ರಿ. ಹಕ್ಕಳಿ ಉದುರಿದ ಅರಿವ್ಯಾಗ ಬ್ಯಾನಿ ತಿಂಗಳಗಟ್ಟಲೆ ಕುಂತಿರತೈತಿ."

"ಎಲ್ಲಾ ಸುಟ್ಟೇ ಬಂದೇನಿ."

"ಒಂದೂ ತಂದಿಲ್ಲ?"

"ಒಂದೂ ಇಲ್ಲ."

ಅಣ್ಣಾಜಿ ಸುಳ್ಳು ಹೇಳಲಿಲ್ಲ. ಅವನ ತಲೆಯ ಹಿಂದೆ, ಬಾಗಿಲ ಆಚೆ, ಧಾಬಳಿ ತೂಗಾಡುತ್ತಿತ್ತು. ಹೊಲಸಾಗಬಹುದಾದ ವಸ್ತುಗಳ ಪೈಕಿ ಅದು ಅವನ ಮನಸ್ಸಿನಲ್ಲಿ ಎಂದೂ ಇರಲಿಲ್ಲ.

"ಹಂಗಾರ ಹುಡುಗಿ ತೋಳು ತೋರಸ್ರಿ."

"ಧನುರ್ಮಾಸ ನಡದದ," ವೆಂಕೂಬಾಯಿ ಒಳಗಿನಿಂದಲೇ ಹೇಳಿದರು. "ದಾಕು ಹಾಕಿದರ ಮನಿಯೊಳಗ ದೇವಿ ಕೂತಂಗ. ಒಗ್ಗರಣಿ ಬಂದ್, ಪೂಜಿ ಬಂದ್. ಸಂಕ್ರಮಣ ಆಗಲಿ."

"ಬಾಯಾರ, ಬ್ಯಾನಿ ಪಂಚಾಂಗ ನೋಡೂದಿಲ್ರಿ."

"ನಾವು ನೋಡತೇವಿ."

ಇಸ್ಮಾಯಿಲಸಾಬ ಅಣ್ಣಾಜಿಯ ಮುಖ ನೋಡಿದ. ಅಣ್ಣಾಜಿ ಹಂಡೆಯನ್ನು ನೋಡಿದ. ಅದು ಧೈರ್ಯ ಕೊಡುವಷ್ಟು ಹೊಳೆಯುತ್ತಿತ್ತು.

"ಸಂಕ್ರಮಣದ ಮರುದಿನ ಖಂಡಿತ ಬರ್ರಿ," ಎಂದ.

ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲೇ ದೇವರಿಗೆ ಹುಗ್ಗಿಯ ನೈವೇದ್ಯ. ಸುಲಭಾಗೆ ಬಿಸಿ ಹುಗ್ಗಿಯೂ ಬೇಕು, ಮಡಿಯಲ್ಲಿದ್ದ ಅಜ್ಜಿಯ ತೊಡೆಯೂ ಬೇಕು. ನೂಲಿನ ಅಂಗಿ ತೊಟ್ಟವರು ಮಡಿಯವರನ್ನು ಮುಟ್ಟುವಂತಿಲ್ಲ; ಅಂಗಿ ಕಳೆದರೆ ಚಳಿ. ಇದಕ್ಕೆ ಶಾಸ್ತ್ರದಲ್ಲೇ ದಾರಿ ಇತ್ತು. ವೆಂಕೂಬಾಯಿ ಅಕ್ಕನ ಧಾಬಳಿಯನ್ನು ಗಳದಿಂದ ಇಳಿಸಿ, ಮೊಮ್ಮಗಳಿಗೆ ಕಿವಿಯವರೆಗೆ ಸುತ್ತಿ, ತೊಡೆಯ ಮೇಲೆ ಕೂಡಿಸಿಕೊಂಡರು.

"ಮೆಣಸಿನಕಾಯಿ ವಾಸನಿ ಬರ್ತದ ಅಜ್ಜಿ," ಹುಡುಗಿ ಸೀನಿತು.

"ಬ್ಯಾಡಗಿ ಅಜ್ಜೀದು ಅದು. ಮೆಣಸಿನಕಾಯಿ ಅಲ್ದ ಮಲ್ಲಿಗಿ ವಾಸನಿ ಬರ್ತದೇನು? ಗಪ್ಪನ ಕೂಡು."

ದಿನಾ ಬೆಳಿಗ್ಗೆ ಹಾಗೇ ನಡೆಯಿತು. ಹನ್ನೆರಡನೆಯ ದಿನ ಜ್ವರ ಬಂತು. ಹದಿನೈದಕ್ಕೆ ಹಣೆಯ ಮೇಲೆ ಗುಳ್ಳೆ ಎದ್ದವು, ಆಮೇಲೆ ಬಾಯಿಯೊಳಗೂ.

ಹೇಳಿ ಕಳಿಸಿದ ಮೇಲೆ ಇಸ್ಮಾಯಿಲಸಾಬ ಬಂದು ಹೊಸ್ತಿಲಲ್ಲಿ ನಿಂತ. ನಡುಗುತ್ತಿದ್ದ ಹುಡುಗಿಗೆ ಅಜ್ಜಿ ಧಾಬಳಿ ಹೊದಿಸಿದ್ದರು.

"ಇದು ಯಾರದ್ರಿ ಬಾಯಾರ?"

"ನಮ್ಮಕ್ಕಂದು. ಬೆಚ್ಚಗಿರ್ತದ ಪಾಪ."

ಅವನು ಅಣ್ಣಾಜಿಯನ್ನು ಹೊರಗೆ ಕರೆದ. ಅಂಗಳಕ್ಕೆ ಬಂದ ಮೇಲೆ, "ಒಂದೂ ಇಲ್ಲ ಅಂದಿದ್ರಿ, ಮಾಸ್ತರ್ರ," ಎಂದ.

"ಅದು ಧಾಬಳಿ ಅಲ್ಲೇನು," ಎಂದ ಅಣ್ಣಾಜಿ. ಹೇಳುತ್ತ ಹೇಳುತ್ತಲೇ ಅವನಿಗೆ ತನ್ನ ಮಾತು ಕೇಳಿಸಿತು. "ಈಗರೆ ದಾಕು ಹಾಕಿದರ?"

"ಆ ವ್ಯಾಳ್ಯಾ ಹೋತ್ರಿ."

ಸಂಕ್ರಮಣಕ್ಕೆ ಎರಡು ದಿನವಿದ್ದಾಗ ಸುಲಭಾ ಹೋದಳು. ಧಾಬಳಿಯಲ್ಲೇ ಸುತ್ತಿ ಒಯ್ದರು. ಹೀಗಾಗಿ ಅದನ್ನು ಏನು ಮಾಡಬೇಕು, ಯಾಕೆ ಮಾಡಬೇಕು ಎಂದು ಅಣ್ಣಾಜಿ ಯಾರಿಗೂ ವಿವರಿಸಬೇಕಾಗಿ ಬರಲಿಲ್ಲ.

ಸಂಕ್ರಮಣದ ಮರುದಿನ, ಇಸ್ಮಾಯಿಲಸಾಬನಿಗೆ ಬಾ ಎಂದಿದ್ದ ದಿನ, ಅಂಗಳದಲ್ಲಿ ಕರಕರ ಸಪ್ಪಳ ಕೇಳಿ ಅಣ್ಣಾಜಿ ಹೊರಗೆ ಬಂದ. ವೆಂಕೂಬಾಯಿ ಹಂಡೆಯನ್ನು ಮಗ್ಗುಲಾಗಿ ಕೆಡವಿಕೊಂಡು ತಿಕ್ಕುತ್ತಿದ್ದರು. ಹುಳಿಗೆ ಅಂಗೈ ಒಡೆದಿತ್ತು.

"ನಾನು ಬರೋಬರಿ ತಿಕ್ಕಿದ್ದಿಲ್ಲ, ಅಣ್ಣಾಜಿ," ಎಂದರು, ತಲೆ ಎತ್ತದೆ. "ಈ ಕಂಠದ ಒಳಗ ಕೈ ಹೋಗೂದಿಲ್ಲ ನೋಡು. ಅಲ್ಲೇ ಕೂತಿತ್ತು ಅದು. ನಾನss ಬಿಟ್ಟೆ."

ಅಣ್ಣಾಜಿ ಬಾಯಿ ತೆರೆದ. ನಿಜ ಹೇಳಿದರೆ, ಕಿವಿಯವರೆಗೆ ಸುತ್ತಿದ ಕೈ ಯಾರದೆಂದು ತಾಯಿಗೆ ತಿಳಿಯುತ್ತದೆ. ಹೇಳದಿದ್ದರೆ, ಸರಿಯಾಗಿ ತಿಕ್ಕದ ಕೈ ತನ್ನದೆಂದು ಅವರು ಸಾಯುವವರೆಗೆ ನಂಬಿರುತ್ತಾರೆ. ಎರಡರಲ್ಲಿ ಹಗುರಾದದ್ದು ಯಾವುದೆಂದು ಯಾವ ಮಾಸಪತ್ರಿಕೆಯಲ್ಲೂ ಬಂದಿರಲಿಲ್ಲ.

"ಹುಣಸಿಹಣ್ಣು ತೀರೇದ," ಎಂದರು ವೆಂಕೂಬಾಯಿ.

ಅವನು ಒಳಗೆ ಹೋಗಿ ಭರಣಿ ತಂದ. ಕೇಳದಿದ್ದರೂ ಉಪ್ಪನ್ನೂ ತಂದ.