ಬೋರ್ಡಿಂಗ್ ಪಾಸಿನ ಹಿಂಬದಿ

ನಮ್ಮ ಮನೆಯವರು ಅರವತ್ತು ಸಲವಾದರೂ ವಿಮಾನ ಹತ್ತಿದವರು. ಹೆಸರು ಶಿವಮೂರ್ತಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ನಮ್ಮತ್ತೆ ಹೇಳುತ್ತಿದ್ದರು, ಬರೆಯಬಾರದು ಅಂತ ಹೇಳಿರಲಿಲ್ಲ. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಸೇಲ್ಸ್ ಆಫೀಸರು. ಕಂಪನಿ ಕೆಲಸಕ್ಕೆಂದು ಬೆಂಗಳೂರಿನಿಂದ ದೆಹಲಿಗೆ ಹಾರುವುದು, ನಾಲ್ಕು ದಿನ ಬಿಟ್ಟು ಕೊಳೆ ಬಟ್ಟೆಯ ಗಂಟಿನ ಜೊತೆ ಮನೆಗೆ ಬರುವುದು. ಪ್ರತಿ ಸಲವೂ ನಾನು ಕೇಳುತ್ತಿದ್ದೆ, "ಹೇಗಿರತ್ತೆ ರೀ ಒಳಗೆ?"

"ಬಸ್ಸಿನ ಹಾಗೇ ಮಾರಾಯ್ತಿ. ಕಿಟಕಿ ತೆಗೆಯಕ್ಕೆ ಆಗಲ್ಲ, ಅಷ್ಟೇ."

ಅರವತ್ತು ಸಲವೂ ಅದೇ ಉತ್ತರ. ಒಬ್ಬ ಮನುಷ್ಯ ಮೋಡದ ಮೇಲೆ ಕೂತು ಉಂಡು ಬಂದು ಹೆಂಡತಿಗೆ ಇಷ್ಟೇ ಹೇಳುವುದಾದರೆ ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ತೊಂಬತ್ತೆಂಟನೇ ಇಸವಿಯ ಮಾರ್ಚ್ ತಿಂಗಳಲ್ಲಿ ವಿಮಾನದ ಕಂಪನಿಯಿಂದ ಇವರಿಗೆ ಒಂದು ಕಾಗದ ಬಂತು. ಹಾರಿದ ಮೈಲಿಗೆಲ್ಲ ಅವರು ಪಾಯಿಂಟು ಕೊಡುತ್ತಾರಂತೆ. ಮೂವತ್ತು ಸಾವಿರ ಆದರೆ ಬೆಂಗಳೂರಿನಿಂದ ದೆಹಲಿಗೆ ಫಸ್ಟ್ ಕ್ಲಾಸಿನ ಒಂದು ಟಿಕೀಟು ಬಿಟ್ಟಿ, ಹೋಗುವುದಕ್ಕೆ ಮಾತ್ರ. ಹೆಂಡತಿಯ ಹೆಸರಿಗೂ ಕೊಡುತ್ತಾರೆ. ಇವರ ಹತ್ತಿರ ಇದ್ದದ್ದು ಇಪ್ಪತ್ತಾರು ಸಾವಿರ.

"ನಾಲ್ಕು ಸಲ ಪಾಯಿಂಟಿನ ಕಾರ್ಡ್ ನಂಬರ್ ಕೊಡೋದು ಮರೆತಿದೀನಿ," ಅಂದರು ಇವರು. "ಆ ಬೋರ್ಡಿಂಗ್ ಪಾಸಿನ ತುಂಡು ಕಳಿಸಿದ್ರೆ ಅದನ್ನೂ ಸೇರಿಸ್ತಾರಂತೆ. ಮೂವತ್ತೊಂದನೇ ತಾರೀಕೇ ಕೊನೆ. ಯಾವಾಗಲೋ ಬಿಸಾಡಿರ್ತೀವಿ, ಬಿಡು."

ಬಿಸಾಡುವ ಜಾಯಮಾನ ನನ್ನದಲ್ಲ. ಇವರ ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕಿದ ತುಂಡನ್ನೆಲ್ಲ ನಾನು ಎತ್ತಿಟ್ಟಿದ್ದೆ. ಒಳ್ಳೆ ದಪ್ಪ ಕಾಗದ, ಹಿಂಬದಿ ಖಾಲಿ. ಯಾರಾದರೂ "ಪುಷ್ಪಕ್ಕ, ಇದು ಹೇಗೆ ಮಾಡೋದು?" ಅಂತ ಕೇಳಿದರೆ ಅದರ ಮೇಲೆ ಅಡುಗೆಯ ವಿಧಾನ ಬರೆದು ಕೊಡುತ್ತಿದ್ದೆ. ಡಬ್ಬಿ ಸುರಿದು ತಾರೀಕು ಹೊಂದಿಸಿ ನೋಡಿದೆವು. ಬೇಕಾಗಿದ್ದ ನಾಲ್ಕರಲ್ಲಿ ಒಂದು ಸಿಕ್ಕಿತು. ಯಾವ ಸಲದ ತುಂಡಿನ ಮೇಲೆ ಯಾರಿಗೆ ಏನು ಬರೆದುಕೊಟ್ಟೆ ಅನ್ನುವುದು ನನಗೆ ಮರೆಯುವುದಿಲ್ಲ. ಉಳಿದ ಮೂರು ಯಾರ ಯಾರ ಅಡುಗೆಮನೆಯಲ್ಲಿವೆ ಎಂದು ನೆನಪು ಮಾಡಿಕೊಳ್ಳುವುದಕ್ಕೆ ನನಗೆ ಐದು ನಿಮಿಷವೂ ಬೇಕಾಗಲಿಲ್ಲ.

ಇಲ್ಲಿ ನನ್ನ ಒಂದು ಗುಟ್ಟು ಹೇಳಿಬಿಡುತ್ತೇನೆ. ನಾನು ಬರೆದುಕೊಡುವ ಪ್ರತಿ ಚೀಟಿಯಲ್ಲೂ ಒಂದು ವಿಷಯ ಬಿಟ್ಟಿರುತ್ತೇನೆ. ಸಾರಿನ ಪುಡಿಯಲ್ಲಿ ಮೆಂತ್ಯ, ಹೋಳಿಗೆಯಲ್ಲಿ ಕಣಕ ನೆನೆಸುವ ಹೊತ್ತು, ಹೀಗೆ. ಯಾರಿಗೂ ಹಾಳಾಗುವುದಿಲ್ಲ, ಆದರೆ ಪುಷ್ಪಮ್ಮನ ಹಾಗೆ ಆಗುವುದಿಲ್ಲ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ತಮಿಳರು, ತೆಲುಗರು, ನಮ್ಮವರು ಎಲ್ಲರ ಎದುರು ನನಗಿದ್ದದ್ದು ಅದೊಂದೇ ಹೆಸರು. ಅದನ್ನು ಕಾಗದದಲ್ಲಿ ಬರೆದು ಹಂಚುವುದಕ್ಕೆ ನನಗೇನು ಹುಚ್ಚೇ?

ಮಾರನೇ ದಿನವೇ ಬಸ್ಸು ಹತ್ತಿದೆ. ಶಿವಮೊಗ್ಗದ ಆಲ್ಕೊಳದಲ್ಲಿ ಇವರ ಅಕ್ಕ ವಿಶಾಲಮ್ಮ ಇದ್ದಾರೆ. ಸಾರಿನ ಪುಡಿಯ ಡಬ್ಬಿಯೊಳಗೇ ಚೀಟಿ ಇಟ್ಟಿದ್ದರು. "ನಿನ್ನ ಕೈಯ ಘಮ ನಂಗೆ ಬರಲ್ಲ ನೋಡೇ," ಅಂದರು. ಚೀಟಿ ಇಸಿದುಕೊಂಡು ಕಾಫಿಗೂ ನಿಲ್ಲದೆ ಬಂದೆ. ಅದರ ಮರುದಿನ ಶಂಕರಘಟ್ಟ. ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಅಮೂಲ್ಯ ನನ್ನ ಹೋಳಿಗೆಯ ಚೀಟಿಯನ್ನು ಯಾವುದೋ ಅರ್ಥಶಾಸ್ತ್ರದ ಪುಸ್ತಕದ ನಡುವೆ ಗುರುತಿಗೆ ಇಟ್ಟುಕೊಂಡಿದ್ದಳು. ಅದೂ ಕೈಗೆ ಬಂತು. ಬಸ್ಸಿನಲ್ಲಿ ಕೂತು ಎರಡೂ ತುಂಡನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಎದೆ ಹೊಡೆದುಕೊಳ್ಳುತ್ತಿತ್ತು. ಮದುವೆಯ ದಿನವೂ ಹೀಗೆ ಹೊಡೆದುಕೊಂಡಿರಲಿಲ್ಲ.

ಉಳಿದದ್ದು ನಮ್ಮ ಭದ್ರಾವತಿಯದೇ ಓಲ್ಡ್ ಟೌನಿನ ಫಿರೋಜಾ. ಹದಿನೈದು ವರ್ಷದಿಂದ ನನ್ನ ರವಿಕೆ ಹೊಲಿಯುವವಳು. ಗಂಡ ಹಮೀದ್ ಸ್ಕೂಟರ್ ಮೆಕ್ಯಾನಿಕ್, ಮಗಳು ನಗ್ಮಾ. ಅವಳಿಗೆ ನಾನು ಕೊಟ್ಟಿದ್ದು ಮಾವಿನ ಮಿಡಿ ಉಪ್ಪಿನಕಾಯಿಯ ಚೀಟಿ. ಎಣ್ಣೆ ಹಾಕದ, ವರ್ಷಗಟ್ಟಲೆ ನಿಲ್ಲುವ ಮಿಡಿ. ಅವಳ ಮನೆಯಲ್ಲಿ ಯಾರಿಗೂ ಮಾಡಿ ಗೊತ್ತಿರಲಿಲ್ಲ.

ಚೀಟಿ ಒಲೆಯ ಪಕ್ಕದ ಗೋಡೆಯಲ್ಲಿ ಅಂಟಿಕೊಂಡಿತ್ತು.

"ಅಕ್ಕಾ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದಳು ಫಿರೋಜಾ. "ನಾಲ್ಕು ವರ್ಷ ಇದರಲ್ಲಿ ಬರೆದ ಹಾಗೇ ಮಾಡಿದೆ. ನಾಲ್ಕು ವರ್ಷನೂ ಬೂಷ್ಟು ಹಿಡೀತು. ಹೋದ ವರ್ಷ ನಗ್ಮಾನ ನೋಡಕ್ಕೆ ಬಂದೋರಿಗೆ ಭರಣಿ ಕಟ್ಟಿ ಕೊಟ್ಟೆ. ಅವರ ಮನೇಲಿ ಮುಚ್ಚಳ ತೆಗೆದ್ರೆ ಮೇಲೆಲ್ಲ ಬಿಳೀ ಹತ್ತಿ ಹತ್ತಿ. ಹುಡುಗನ ತಾಯಿ ಎಲ್ಲರ ಎದುರಿಗೆ ನಕ್ಕರಂತೆ. ಇದರಲ್ಲಿ ಏನಾದ್ರೂ ಬರೆಯೋದು ಬಿಟ್ಟುಹೋಗಿದ್ಯಾ?"

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನನ್ನ ಕಿವಿ ಬಿಸಿಯಾಯಿತು. ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದೆ. ಇದು ಮಾತ್ರ ಹಾಳಾಗುವ ವಿಷಯ ಅಂತ ನನಗೆ ಹೊಳೆದೇ ಇರಲಿಲ್ಲ. ಹೊಳೆದಿರಲಿಲ್ಲವೋ, ಹೊಳೆಯುವುದು ನನಗೆ ಬೇಡವಾಗಿತ್ತೋ.

"ಎಲ್ಲಾ ಬರೆದಿದೀನಿ ಕಣೇ," ಅಂದೆ. "ಉಪ್ಪಿನಕಾಯಿ ಅನ್ನೋದು ಕೈಗುಣ."

ಅವಳು ತನ್ನ ಎರಡೂ ಕೈಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಚಾಕುವಿನ ತುದಿಯಿಂದ ಚೀಟಿಯನ್ನು ಮೆಲ್ಲಗೆ, ಮೂಲೆ ಹರಿಯದ ಹಾಗೆ, ಬಿಡಿಸಿ ಕೊಟ್ಟಳು. "ನೀವು ಆಕಾಶಕ್ಕೆ ಹೋಗೋದನ್ನ ನಾನ್ಯಾಕೆ ತಡೀಲಿ? ಬರೆದಿರೋದು ನಂಗೆ ಬಾಯಿಪಾಠ ಇದೆ. ವಿಮಾನಕ್ಕೆ ಒಂದು ಹೊಸ ರವಿಕೆ ಹೊಲ್ಕೊಡ್ತೀನಿ, ಬಟ್ಟೆ ತಂದ್ಕೊಡಿ."

ನಾಲ್ಕೂ ತುಂಡು ರಿಜಿಸ್ಟರ್ ಪೋಸ್ಟಿನಲ್ಲಿ ಹೋದವು. ಹನ್ನೆರಡನೇ ದಿನ ಟಿಕೀಟು ಬಂತು. ನನ್ನ ಹೆಸರಿನ ಟಿಕೀಟು. ಏಪ್ರಿಲ್ ಮೂರನೇ ವಾರದ ಮಂಗಳವಾರ. ಕಂಪನಿಯ ಕೆಲಸದ ಮೇಲೆ ಇವರಿಗೂ ಅದೇ ವಿಮಾನ, ಹಿಂದಿನ ಸಾಮಾನ್ಯ ಸೀಟು. ಬರುವಾಗ ಇಬ್ಬರಿಗೂ ರೈಲು. ಆ ಟಿಕೀಟನ್ನು ನಾನು ಒಂದು ವಾರ ದೇವರ ಗೂಡಿನಲ್ಲಿಟ್ಟು ದಿನಾ ವಿಭೂತಿ ಹಚ್ಚುವಾಗ ಎರಡೆರಡು ಸಲ ಓದುತ್ತಿದ್ದೆ. ಇವರು ನಕ್ಕರು. ನಗಲಿ ಅಂತ ಬಿಟ್ಟೆ.

ಹೊರಡುವ ಹಿಂದಿನ ದಿನ ಫಿರೋಜಾ ರವಿಕೆ ತಂದಳು. ನೀಲಿ ಬಣ್ಣ, ತೋಳಿಗೆ ಸಣ್ಣ ಪೈಪಿಂಗು. ಮೈಗೆ ಅಂಟಿಸಿದ ಹಾಗೆ ಕೂತಿತು.

"ಈ ವರ್ಷನೂ ಮಿಡಿ ಉಪ್ಪಲ್ಲಿ ಹಾಕಿದೀನಿ ಅಕ್ಕಾ," ಅಂದಳು ಕೊಕ್ಕೆ ಹಾಕುತ್ತಾ. "ಭಾನುವಾರ ರುಬ್ಬಿ ಕಲಸ್ತೀನಿ. ಆ ನಕ್ಕೋರ ಮನೇಲೇ ನಗ್ಮಾನ ಮಾತು ಗಟ್ಟಿ ಆಯ್ತು, ಬೀಗರು ಮುಂದಿನ ತಿಂಗಳು ಬರ್ತಾರೆ. ಈ ಸಲ ಭರಣಿ ಅವರ ಎದುರಿಗೇ ತೆಗೀಬೇಕು ಅಂತ ನನ್ನ ಹಟ."

"ಚೆನ್ನಾಗೇ ಆಗತ್ತೆ ಬಿಡು," ಅಂದೆ. ಕನ್ನಡಿಯಲ್ಲಿ ರವಿಕೆಯನ್ನೇ ನೋಡಿಕೊಂಡಿದ್ದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಫಸ್ಟ್ ಕ್ಲಾಸಿಗೆ ಬೇರೆ ಸಾಲು. ಸಾಲಿನಲ್ಲಿ ನಾನೊಬ್ಬಳೇ. ಪಕ್ಕದ ಉದ್ದ ಸಾಲಿನಲ್ಲಿ ಇವರು, ಮುಂದೆ ಹದಿನೇಳು ಜನ. ಕೌಂಟರಿನ ಹುಡುಗಿ ನನಗೆ "ಗುಡ್ ಮಾರ್ನಿಂಗ್ ಮೇಡಂ" ಅಂದು ಬೋರ್ಡಿಂಗ್ ಪಾಸು ಕೊಟ್ಟಳು. ಸೀಟು ಒಂದು ಎ. ಅದರ ಮೇಲೆ ಪುಷ್ಪಮ್ಮ ಅಂತ ಅಚ್ಚಾಗಿತ್ತು. ಅಷ್ಟು ವರ್ಷ ಇವರ ಹೆಸರಿನ ಹಿಂದೆ ಕೊತ್ತಂಬರಿ, ಸಾಸಿವೆ ಬರೆದವಳು ನಾನು. ಈಗ ಮುಂದೆಯೂ ನಾನೇ. ಇದನ್ನು ಸಾಯುವ ತನಕ ಯಾರಿಗೂ ಕೊಡುವುದಿಲ್ಲ, ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತೇನೆ ಅಂತ ಅಲ್ಲೇ ನಿಶ್ಚಯ ಮಾಡಿದೆ.

ಸೀಟೋ, ನಮ್ಮ ಮನೆಯ ಸೋಫಾಕ್ಕಿಂತ ಅಗಲ. ಕಾಲು ಚಾಚಿದರೂ ಮುಂದಿನ ಗೋಡೆ ಸಿಗಲಿಲ್ಲ. ಪಕ್ಕದ ಸೀಟು ಖಾಲಿ. ಇನ್ನೂ ನೆಲ ಬಿಟ್ಟಿರಲಿಲ್ಲ, ಆಗಲೇ ಗಾಜಿನ ಲೋಟದಲ್ಲಿ ಕಿತ್ತಳೆ ರಸ ಬಂತು. ಆಮೇಲೆ ಹಬೆಯಾಡುವ ಬಿಳೀ ಟವೆಲ್ಲು. ಗಗನಸಖಿ ಅದನ್ನು ಇಕ್ಕಳದಲ್ಲಿ ಹಿಡಿದು ಕೊಟ್ಟಾಗ ನನಗೆ ಮೈ ಉರಿಯಿತು, ಮುಟ್ಟಿದರೆ ಇವಳಿಗೇನು ಕಷ್ಟ ಅಂತ. ನೋಡಿದರೆ ಆಚೆ ಸೂಟು ಹಾಕಿದವನಿಗೂ ಇಕ್ಕಳವೇ. ಸಮಾಧಾನವಾಗಿ ಮುಖ, ಕತ್ತು, ಮೊಣಕೈವರೆಗೆ ಒರೆಸಿಕೊಂಡೆ. ಬಿಟ್ಟರೆ ಇನ್ನೂ ಒಂದು ಕೇಳುತ್ತಿದ್ದೆ.

ವಿಮಾನ ಓಡತೊಡಗಿದಾಗ ಬೆನ್ನನ್ನು ಯಾರೋ ಸೀಟಿಗೆ ಒತ್ತಿದಂತಾಯಿತು. ಶಿವಶಿವಾ ಅಂದೆ. ಚಕ್ರ ನೆಲ ಬಿಟ್ಟಿತು. ಮನೆಗಳು, ಕೆರೆ, ರಸ್ತೆಯ ಬಸ್ಸು ಎಲ್ಲ ಸಣ್ಣದಾಗುತ್ತಾ ಬಂದು, ಒಂದು ಕ್ಷಣ ಬರೀ ಬಿಳಿ, ಆಮೇಲೆ ಮೋಡದ ಮೇಲೆ ಬಿಸಿಲು. ನನ್ನ ಕಣ್ಣಲ್ಲಿ ನೀರು ಬಂತು. ನಲವತ್ತೊಂಬತ್ತು ವರ್ಷದ ಹೆಂಗಸು ಕಿಟಕಿಗೆ ಮೂಗು ಒತ್ತಿ ಕೂತಿದ್ದೆ, ನಾಚಿಕೆ ಅನ್ನುವುದು ಹತ್ತಿರವೂ ಸುಳಿಯಲಿಲ್ಲ.

ಅಷ್ಟರಲ್ಲಿ ಹಿಂದಿನ ಪರದೆ ಸರಿಯಿತು. ನಮ್ಮ ಮನೆಯವರು ಕತ್ತು ತೂರಿಸಿದ್ದರು. "ಹೇಗಿದೆ?" ಅಂದರು.

"ಬಸ್ಸಿನ ಹಾಗೇ ಇದೆ ರೀ," ಅಂದೆ.

ಗಗನಸಖಿ ಬಂದು "ಸರ್, ಪ್ಲೀಸ್" ಅಂತ ಅವರನ್ನು ಹಿಂದಕ್ಕೆ ಕಳಿಸಿದಳು. ನಾನು ಕಿಟಕಿಯ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಊಟ ಬಂತು. ಬಟ್ಟೆ ಹಾಸಿ, ಪಿಂಗಾಣಿ ತಟ್ಟೆಯಲ್ಲಿ ಪನೀರು, ಅನ್ನ, ಒಂದು ಪುಟ್ಟ ಬಟ್ಟಲಲ್ಲಿ ಮಾವಿನ ಉಪ್ಪಿನಕಾಯಿ. ನಾಲಿಗೆಯ ತುದಿಗೆ ಹಚ್ಚಿದೆ. ಬರೀ ಎಣ್ಣೆ ಮತ್ತು ಹುಳಿ. ಪುಷ್ಪಮ್ಮನ ಎದುರಿಗೆ ಇದನ್ನು ಇಡುವುದಕ್ಕೆ ಇವರಿಗೆ ಎಷ್ಟು ಧೈರ್ಯ ಅಂತ ಇನ್ನೊಮ್ಮೆ ನಗುವುದಕ್ಕೆ ಹೊರಟೆ. ನಗು ಬರಲಿಲ್ಲ. ಫಿರೋಜಾ ತನ್ನ ಎರಡು ಕೈ ನೋಡಿಕೊಂಡದ್ದು ನೆನಪಾಯಿತು.

ಇಷ್ಟು ಚಂದದ ಸೀಟು ನನಗೆ ಸಿಕ್ಕಿದ್ದು ಅವಳು ಗೋಡೆಯಿಂದ ಬಿಡಿಸಿ ಕೊಟ್ಟ ಚೀಟಿಯಿಂದ. ಮೈಮೇಲಿನ ರವಿಕೆಯೂ ಅವಳದೇ ಹೊಲಿಗೆ. ಭಾನುವಾರ ಅವಳು ಮತ್ತೆ ನಾನು ಬಿಟ್ಟದ್ದನ್ನು ಬಿಟ್ಟೇ ಮಾಡುತ್ತಾಳೆ, ಮುಂದಿನ ತಿಂಗಳು ಬೀಗರ ಎದುರಿಗೆ ಮುಚ್ಚಳ ತೆಗೆಯುತ್ತಾಳೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅವಳ ಮಾನ ಹೋಗುವುದು ನಾನು ಬಿಟ್ಟ ಒಂದು ಸಾಲಿನಿಂದ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಗಗನಸಖಿಯ ಹತ್ತಿರ ಪೆನ್ನು ಕೇಳಿದೆ. ಬೇರೆ ಕಾಗದ ಇರಲಿಲ್ಲ ಅಂತಲ್ಲ, ಕೇಳಿದ್ದರೆ ಕೊಡುತ್ತಿದ್ದಳು. ಒಂದು ನಿಮಿಷ ಪಾಸಿನ ಮುಂಬದಿಯ ನನ್ನ ಹೆಸರು ನೋಡಿದೆ, ಆಮೇಲೆ ಅದನ್ನು ತಿರುಗಿಸಿ ಬರೆದೆ.

ದೆಹಲಿಯಲ್ಲಿ ಎರಡು ದಿನ, ರೈಲಿನಲ್ಲಿ ಎರಡು ರಾತ್ರಿ, ಬೆಂಗಳೂರಿನಲ್ಲಿ ಇಳಿದು ಮತ್ತೊಂದು ರೈಲು. ಭಾನುವಾರ ಬೆಳಿಗ್ಗೆ ಭದ್ರಾವತಿಯಲ್ಲಿ ಇಳಿದವಳೇ ಪೆಟ್ಟಿಗೆಯನ್ನು ಇವರ ಕೈಗೆ ಕೊಟ್ಟು ಆಟೋ ಹತ್ತಿದೆ. "ಮನೆಗೆ ಹೋಗಿ ಮುಖ ತೊಳ್ಕೊಂಡು ಹೋಗೇ," ಅಂತ ಇವರು ಕೂಗುತ್ತಲೇ ಇದ್ದರು.

ಓಲ್ಡ್ ಟೌನಿನ ಆ ಅಡುಗೆಮನೆಯಲ್ಲಿ ಮಿಕ್ಸಿಗೆ ಸಾಸಿವೆ, ಮೆಣಸಿನಕಾಯಿ ಹಾಕಿಟ್ಟಾಗಿತ್ತು. ಪಕ್ಕದಲ್ಲಿ ಒಂದು ಚೊಂಬು ನಲ್ಲಿ ನೀರು. ಫಿರೋಜಾ ಮಿಡಿಯನ್ನು ಜಾಲರಿಯಲ್ಲಿ ಬಸಿದು, ಅದು ಬಿಟ್ಟ ಉಪ್ಪುನೀರಿನ ಪಾತ್ರೆ ಹಿಡಿದುಕೊಂಡು ಬಚ್ಚಲ ಕಡೆ ಹೊರಟಿದ್ದಳು.

"ಚೆಲ್ಲಬೇಡ ಕಣೇ!" ಅಂದೆ ಬಾಗಿಲಿಂದಲೇ.

ಪಾಸನ್ನು ಅವಳ ಕೈಗೆ ಕೊಟ್ಟೆ. ಅವಳು ಪಾತ್ರೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮಿಡಿ ಬಿಟ್ಟ ಉಪ್ಪುನೀರನ್ನು ಚೆಲ್ಲಬಾರದು. ಕುದಿಸಿ, ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ ಖಾರ ರುಬ್ಬಬೇಕು. ಬೇರೆ ನೀರು ಒಂದು ಹನಿಯೂ ತಾಗಬಾರದು.

"ನಾಲ್ಕು ವರ್ಷ ಈ ನೀರು ಬಚ್ಚಲಿಗೆ ಚೆಲ್ಲಿದೀನಿ," ಅಂದಳು.

"ಹೂಂ. ಬೇಕಂತಲೇ ಬರೆದಿರಲಿಲ್ಲ ಕಣೇ. ತಪ್ಪಾಯ್ತು."

"ಕೈಗುಣ ಅಂದ್ರಿ."

"ಅಂದೆ."

ಅವಳು ನನ್ನ ಮುಖ ನೋಡಲಿಲ್ಲ. ನನ್ನ ತೋಳಿನ ಪೈಪಿಂಗು ನೋಡಿದಳು. "ಹದಿನೈದು ವರ್ಷ ನಿಮಗೆ ಹೊಲಿದಿದೀನಿ ಅಕ್ಕಾ. ಒಂದು ಹೊಲಿಗೆ ಬಿಟ್ಟಿದೀನಾ?"

ಬಾಯಿಗೆ ಬಂದದ್ದನ್ನೆಲ್ಲ ಆಡುವ ಪುಷ್ಪಮ್ಮ ತಲೆ ತಗ್ಗಿಸಿ ನಿಂತಳು.

ಫಿರೋಜಾ ಉಪ್ಪುನೀರನ್ನು ಒಲೆಯ ಮೇಲಿಟ್ಟು ಉರಿ ಹಚ್ಚಿದಳು. ಹಳೆಯ ಚೀಟಿ ಇದ್ದ ಜಾಗದಲ್ಲಿ ಗೋಡೆ ಚೌಕವಾಗಿ ಬೆಳ್ಳಗಿತ್ತು. ಪಾಸನ್ನು ಅಲ್ಲಿಗೆ ಹಿಡಿದು ನೋಡಿದಳು, ಒಮ್ಮೆ ಈ ಬದಿ, ಒಮ್ಮೆ ಆ ಬದಿ. ಕೊನೆಗೆ ನನ್ನ ಹೆಸರಿನ ಬದಿಯನ್ನು ಹೊರಗೆ ಮಾಡಿ ಅಂಟಿಸಿದಳು.

"ಹಿಂದಿಂದು ಇನ್ನು ಮರೆಯಲ್ಲ," ಅಂದಳು. ಮಣೆಯೊಂದನ್ನು ನನ್ನ ಕಡೆ ಕಾಲಿನಿಂದ ತಳ್ಳಿದಳು. "ನೀರು ಆರಕ್ಕೆ ಮಧ್ಯಾಹ್ನ ಆಗತ್ತೆ. ಅಲ್ಲೀವರೆಗೂ ಕೂತ್ಕೊಂಡು ವಿಮಾನದ್ದು ಹೇಳಿ. ಏನೂ ಬಿಡಬಾರದು."

ಕೂತೆ. ಇಕ್ಕಳದಲ್ಲಿ ಕೊಟ್ಟ ಟವೆಲ್ಲಿನಿಂದ ಶುರು ಮಾಡಿದೆ.