ಚಾಪೆ ಸುತ್ತಿದ ನಡಿಗೆ

ಹಗ್ಗದ ಗಂಟು ಮೂರನೇ ಸಲ ಜಾರಿತು. ದ್ವೀಪದ ಪದ್ಧತಿಯಂತೆ ಸಾವಿನ ಮನೆಗೆ ಸೊಂಟಕ್ಕೆ ಚಾಪೆ ಸುತ್ತಿಯೇ ಬರಬೇಕು; ಸತ್ತವರಿಗೆ ಹತ್ತಿರದ ಕಿರಿಯರದು ಎಲ್ಲಕ್ಕಿಂತ ದೊಡ್ಡದು, ಹರಕು. ತೀರಿಕೊಂಡವನು ಸ್ವಂತ ದೊಡ್ಡಪ್ಪ. ಹಾಗಾಗಿ ಕಲೇಸಿತಾಳ ಸೊಂಟಕ್ಕೆ ಮನೆಯಲ್ಲೇ ದೊಡ್ಡದಾದ, ಹರಕು ಚಾಪೆ ಬಂದಿತ್ತು. ಎದೆಯಿಂದ ಮೀನಖಂಡದವರೆಗೂ ಚುಚ್ಚುತ್ತಿತ್ತು. ಅವಳು ಒಳಗೆ ಬಂದಾಗ ದೊಡ್ಡಮ್ಮ ಲೋಸೆ, ಸೊಟ್ಟಗಾಲನ್ನು ಚಾಚಿ ಹೆಣದ ಪಕ್ಕ ಕೂತು, ಬಂದವರಿಗೆಲ್ಲ ಹೇಳುತ್ತಿದ್ದಳು.

"ಇವರದ್ದು ಫೋಟೋ ಅಂತ ಇರೋದು ಒಂದೇ. ಅದೂ ನಿಂತಿರೋದು. ಆದ್ರೆ ನಡಿಗೆ ಇದೆ! ಯೂನಿವರ್ಸಿಟಿಯವರು ಜೋಪಾನವಾಗಿ ಇಟ್ಟಿದಾರೆ. ನಮ್ಮ ಕಲೇಸಿತಾನೇ ತೆಗೆದಿದ್ದು."

ಹೆಣದ ತಲೆಯ ಬಳಿ ಕೂತಿದ್ದ ಸತ್ತವನ ಅಕ್ಕ ಓಫಾ ಕಣ್ಣೊರೆಸಿಕೊಂಡಳು. "ನಮ್ಮ ಸೆಮಿಸಿ ನಡಿಗೆ ಇಟ್ಕೊಂಡು ಏನ್ ಮಾಡ್ತಾರಂತೆ? ಬಾತುಕೋಳಿಗಳಿಗೆ ಪಾಠ ಹೇಳ್ತಾರಾ?"

"ನಡೆಯೋದು ನೋಡಿ ಇಂಥವರೇ ಅಂತ ಹೇಳೋಕೆ ಮಿಷನ್‌ಗೆ ಕಲಿಸ್ತಾರಂತೆ ಅತ್ತಿಗೆ."

"ಅದಕ್ಕೆ ಮಿಷನ್ ಬೇಕಾ? ಬಂದರಿನ ನಾಯಿಗಳಿಗೂ ಗೊತ್ತಾಗ್ತಿತ್ತು."

ಹೆಂಗಸರು ನಕ್ಕರು. ಲೋಸೆ ತಿರುಗಿದಳು. "ಕಂಪ್ಯೂಟರ್ ತಂದಿದೀಯಾ ಮಗಳೇ? ಪೆಟ್ಟಿಗೆ ಮುಚ್ಚೋ ಮೊದಲು ಒಂದ್ಸಲ ತೋರಿಸು."

ಕಲೇಸಿತಾಳ ಕೈ ಮತ್ತೆ ಗಂಟಿಗೆ ಹೋಯಿತು.

*

ನಾಲ್ಕು ತಿಂಗಳ ಹಿಂದೆ, ರಾಜಧಾನಿ ನುಕುಅಲೋಫಾದ ಶಾಲೆಯೊಂದರ ಹಾಲಿನಲ್ಲಿ, ನೆಲಕ್ಕೆ ಅಂಟಿಸಿದ ಬಿಳಿಪಟ್ಟಿಯ ಮೇಲೆ, ಕಲೇಸಿತಾಳ ಕ್ಯಾಮೆರಾದ ಮುಂದೆ ಊರಿನವರು ಒಬ್ಬೊಬ್ಬರಾಗಿ ನಡೆದಿದ್ದರು. ಕಾಲುಗಳು ಸ್ಪಷ್ಟವಾಗಿ ಕಾಣಬೇಕೆಂಬುದು ನಿಯಮ. ಮೂವತ್ತು ವರ್ಷ ಹಡಗುಗಳ ಹಗ್ಗ ಕಟ್ಟಿದ್ದ ಸೆಮಿಸಿ, ಮದುವೆಗೆ ಹೊರಟವನಂತೆ, ಮಂಡಿ ಮುಚ್ಚುವ ಮರ್ಯಾದೆಯ ಚಾಪೆ ಸುತ್ತಿಕೊಂಡು ಬಂದಿದ್ದ.

"ಚಾಪೆ ತೆಗೀಬೇಕು ದೊಡ್ಡಪ್ಪ."

"ಪ್ರೊಫೆಸರ್ ಮುಂದೆ? ಬತ್ತಲೆ ನಿಂತ ಹಾಗಾಗುತ್ತಲ್ಲೇ!"

ಅವಳು ಹಾಗೆಯೇ ನಡೆಸಿದಳು. ಪಟ್ಟಿಯ ಕೊನೆಯಲ್ಲಿ ಅವನು ನಿಂತು, ಅರೆ ಹೊರಳಿ, ಕೈಯನ್ನು ಹಿಂದಕ್ಕೆ ಚಾಚಿದ. ಹಿಂದೆ ಯಾರೂ ಇರಲಿಲ್ಲ.

"ಸರಿಯಾಗಿ ನಡೆದ್ನಾ?"

"ಚೆನ್ನಾಗಿ ನಡೆದ್ರಿ."

ಅಂದು ಸಂಜೆ ಆ ಹನ್ನೆರಡು ಸೆಕೆಂಡುಗಳನ್ನು ಹತ್ತಾರು ಸಲ ನೋಡಿದ ಮೇಲೆ, ಅವನ ಸಂಖ್ಯೆಯ ಮುಂದೆ 'ತಿರಸ್ಕೃತ' ಎಂದು ಬರೆದಳು.

*

ತಿರಸ್ಕೃತವಾದವನ್ನು ತಿಂಗಳ ಕೊನೆಗೆ ಅಳಿಸುವುದು ಅವಳದೇ ಕೆಲಸ. ಯಾವುದು ಯಾರದೆಂದು ನೋಡದೆ ಅಳಿಸುತ್ತ ಬಂದಿದ್ದಳು. ಈಗ ಅಂಗಳದಲ್ಲಿ ಕಂಪ್ಯೂಟರ್ ತೆರೆದು ಹುಡುಕಿದಳು. ಮುನ್ನೂರು ಜನರ ಮುಖವಿಲ್ಲದ ಬೂದು ನೆರಳುಗಳು ಪರದೆಯ ಮೇಲೆ ನಡೆದು ಹೋದವು. ಅವುಗಳಲ್ಲಿ ಯಾವುದಾದರೊಂದನ್ನು ತೋರಿಸಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಒಳಗಿನಿಂದ ಪೆಟ್ಟಿಗೆ ಎಳೆದ ಸದ್ದು ಕೇಳಿಸಿತು.

ಬರಿಗೈಯಲ್ಲಿ ಒಳಗೆ ಬಂದಳು.

"ಇಲ್ಲ ದೊಡ್ಡಮ್ಮ. ಚಾಪೆ ಅಡ್ಡ ಬಂತು ಅಂತ ಅವರದ್ದು ತಗೊಳ್ಳಲಿಲ್ಲ. ನಾನೇ ಅಳಿಸಿದೆ. ಅವರಿಗೂ ಹೇಳಲಿಲ್ಲ."

ಲೋಸೆ ಅವಳ ಸೊಂಟದ ಹರಕು ಚಾಪೆಯನ್ನೇ ನೋಡಿದಳು.

"ನೀನು ನೋಡಿದ್ದೆಯಲ್ಲ?"

"ನೋಡಿದ್ದೆ."

"ಹಾಗಾದ್ರೆ ನೀನೇ ನಡೆದು ತೋರಿಸು."

ಜನ ಕಾಲು ಮಡಚಿ ದಾರಿ ಬಿಟ್ಟರು. ಬಾಗಿಲಿನಿಂದ ಪೆಟ್ಟಿಗೆಯವರೆಗೆ ಹತ್ತು ಹೆಜ್ಜೆ. ಚಾಪೆ ಮಂಡಿಗೆ ತಡೆಯುತ್ತಿತ್ತು. ಹೆಜ್ಜೆ ತಾನಾಗಿಯೇ ಚಿಕ್ಕದಾಯಿತು, ಭುಜ ಅತ್ತಿತ್ತ ತೂಗಿತು. ಯಾರೂ ನಗಲಿಲ್ಲ. ಕೊನೆಯಲ್ಲಿ ಅವಳು ನಿಂತಳು, ಅರೆ ಹೊರಳಿದಳು, ಕೈಯನ್ನು ಹಿಂದಕ್ಕೆ ಚಾಚಿದಳು.

ಲೋಸೆ ಚಾಚಿದ್ದ ಸೊಟ್ಟಗಾಲನ್ನು ಎಳೆದುಕೊಂಡು, ನೆಲಕ್ಕೆ ಅಂಗೈ ಊರಿ, ಆ ಕೈ ಹಿಡಿಯಲು ಏಳತೊಡಗಿದಳು.